ಸಾಹೇಬರು ಬರುತ್ತಾರೆಂದು ಗುಡಿಸಿದ ಜಮೀನು

ಮನೆಗೆ ಯಾರಾದರೂ ಬರುತ್ತಾರೆಂದರೆ ಕೈಗೆ ಕಸಬರಿಗೆ ತೆಗೆದುಕೊಳ್ಳುವ ರೋಗ ನಮ್ಮ ಮನೆತನಕ್ಕೇ ಇದೆ. ಧಾರವಾಡದಲ್ಲಿ ನಮ್ಮವ್ವ, ವಿಮೆಯ ಏಜೆಂಟ್ ಬಂದರೂ ಅಂಗಳಕ್ಕೆ ನೀರು ಹೊಡೆದು, ಒಣಹಾಕಿದ ಸಂಡಿಗೆ, ಮೆಣಸಿನಕಾಯಿಗಳನ್ನೆಲ್ಲ ಒಳಗೆ ಬಚ್ಚಿಡುತ್ತಿದ್ದಳು. ಬಂದವರ ಕಣ್ಣಿಗೆ ನಾವು ಏನನ್ನೂ ಒಣಗಿಸದ, ಏನನ್ನೂ ತಿನ್ನದ ಜನರಂತೆ ಕಾಣಬೇಕು! ಆ ರೋಗ ನನ್ನ ಜೊತೆ ಗೋವಾಕ್ಕೂ ಬಂತು.

ಅಲ್ಲಿ ಕೆಪೆ ಎಂಬ ಊರಿನ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ನಮ್ಮದೊಂದು ತುಂಡು ಜಮೀನು, ಅದರ ನೆತ್ತಿಗೆ ಮನೆ. ಮನೆ ನನ್ನದು, ಇಳಿಜಾರು ಹೆಂಡತಿ ಸುಮಿತ್ರೆಯದು. ಅಲ್ಲಿ ಅವಳು ಅರಿಸಿನ, ಸುವರ್ಣಗಡ್ಡೆ ಹಾಕಿ, ನಡುನಡುವೆ ಬೀಜದಿಂದ ಹುಳಿಹಣ್ಣಿನ ಕೋಕಂ ಗಿಡಗಳನ್ನು ಎಬ್ಬಿಸಿದ್ದಳು. ಅಲ್ಲಿಗೆ ಒಮ್ಮೆಯೂ ಇಳಿಯದ ನನಗೆ ಅದೆಲ್ಲ ಒಂದೇ ಹಸಿರು. ಸಾಗುವಳಿ ನಡೆದಿರುವ ಜಮೀನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಂದು ಕೇಳಿ ಅರ್ಜಿ ಹಾಕಿದವನು ಮಾತ್ರ ನಾನು. ಜಾಗ ನೋಡಲು ಸಾಹೇಬರು ಬರುತ್ತಾರೆಂದು ಫೋನ್ ಬಂದಾಗ ಸುಮಿತ್ರೆ ತಂಗಿಯ ಮಗಳ ಬಾಣಂತನಕ್ಕೆ ಬೆಳಗಾವಿಗೆ ಹೋಗಿದ್ದಳು. ಕೂಡಲೇ ರೋಗ ಕೆರಳಿತು. ಕೂಲಿಗೆ ಯಲ್ಲಪ್ಪನನ್ನು ಕರೆಸಿದೆ.

“ಸಾಹೇಬ್ರ, ಈ ಗಿಡಾನೂ ತಗಿಯೂದೇನ್ರಿ?” ಎಂದ ಅವನು.

“ಎಲ್ಲಾ ತಗಿಯೋ ಮಾರಾಯಾ, ನೆಲ ಕಾಣಬೇಕು!”

ನೆಲ ಕಂಡಿತು. ಅಂಚಿಗೆ ಸುಣ್ಣ ಬಳಿದ ಕಲ್ಲು ಜೋಡಿಸಿ, ಕ್ರೋಟನ್ ಕುಂಡಗಳನ್ನೂ ಇಟ್ಟೆ. ಬಂದ ಅಧಿಕಾರಿ ನಮ್ಮ ಧಾರವಾಡದ ಕಡೆಯವರೇ. ಸುತ್ತ ನೋಡಿ, “ಭಾಳ ಚಂದ ಇಟ್ಟೀರಿ. ಆದ್ರ ಬೆಳಿ ಎಲ್ಲೈತ್ರಿ?” ಎಂದರು.

“ಇತ್ರೀ... ನೀವು ಬರ್ತೀರಂತ ತಗಿಸಿದೆ.”

ಅವರು ನಕ್ಕು, ನನ್ನ ಅವಲಕ್ಕಿ ತಿಂದು, ಇದು ಮನೆ ಮುಂದಿನ ಹೂದೋಟ, ರಿಯಾಯಿತಿ ಕೊಡಲು ಬರುವುದಿಲ್ಲ ಎಂದು ಹೇಳಿ ಹೋದರು.

ರಿಯಾಯಿತಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಊರಿಂದ ಬಂದ ಸುಮಿತ್ರೆ ಚೀಲ ಕೆಳಗಿಡದೆಯೇ ಇಳಿಜಾರಿಗೆ ಇಳಿದು, ಕಡಿದ ಕೋಕಂ ಬುಡವೊಂದರ ಮುಂದೆ ಕೂತಳು. “ಈ ಬ್ಯಾಸಗಿಗೆ ಹಣ್ಣ ಬಿಡತಿದ್ವು” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ.

ಮಳೆ ಹಿಡಿದ ಮೇಲೆ ಅವಳು ಮತ್ತೆ ಬೀಜ ಊರತೊಡಗಿದಳು. ನಾನು ಅಂಗಿಯ ತೋಳು ಮಡಚಿಕೊಂಡು ಹೋಗಿ, “ನಾ ಏನ್ ಮಾಡ್ಲಿ?” ಎಂದೆ.

“ನೀವು ಏನೂ ಮಾಡಬ್ಯಾಡ್ರಿ. ಅಷ್ಟ ಸಾಕು.”

ಆಫೀಸಿನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿ ಪೆನ್ಷನ್ ಗಳಿಸಿದವನು ನಾನು. ಸಾಹೇಬರು ಬರುತ್ತಾರೆಂದ ಆ ಒಂದು ದಿನ ಮಾತ್ರ ಯಾಕೋ ಕೆಲಸಕ್ಕೆ ನಿಂತುಬಿಟ್ಟೆ.