ನಾಲ್ಕೂ ಹತ್ತರ ಗಡಿಯಾರ

ನಮ್ಮ ಸಂಸ್ಥೆಯು ಈವರೆಗೆ ನಿವೃತ್ತರಾದ ಮೂವತ್ತೊಂದು ಮಂದಿ ನೌಕರರಿಗೂ ಗೋಡೆ ಗಡಿಯಾರ ಕೊಟ್ಟು ಗೌರವಿಸಿದೆ. ಗಡಿಯಾರ ಒಂದೇ.

ಈ ವ್ಯವಸ್ಥೆಯ ಕರ್ತೃ ಉಗ್ರಾಣದ ಸ್ಟೋರ್‌ಕೀಪರ್. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ಕಚೇರಿಯಲ್ಲಿ ಅವರಿಗೆ ಹೆಸರಿತ್ತು. ಅವರು ಅದನ್ನು ಬಿರುದೆಂದೇ ತಿಳಿದಿದ್ದರು. ಅವರು ಬರೆದ ನಿಯಮ ಹೀಗಿದೆ: "ಬೀಳ್ಕೊಡುಗೆ ಗಡಿಯಾರವನ್ನು ನಿವೃತ್ತರು ಎರಡೂ ಕೈಗಳಿಂದ ಸ್ವೀಕರಿಸತಕ್ಕದ್ದು. ಫೋಟೊ ತೆಗೆಸಿಕೊಂಡು, ಹತ್ತು ನಿಮಿಷ ಕಳೆಯುತ್ತಲೇ ಹಿಂದಿರುಗಿಸತಕ್ಕದ್ದು. ಅಲ್ಲಿಗೆ ಸಮಾರಂಭವೂ ಸೇವೆಯೂ ಮುಗಿಯತಕ್ಕದ್ದು." ಡ್ರೈವರೊಬ್ಬ ತನ್ನ ವಾಚು ನಿಧಾನವೆಂದು ವಾದಿಸಿ ಗಡಿಯಾರವನ್ನು ಬಸ್ ಸ್ಟಾಪಿನವರೆಗೂ ಒಯ್ದ ಮೇಲೆ, "ಸಮಯವನ್ನು ಸದರಿ ಗಡಿಯಾರದಲ್ಲೇ ನೋಡತಕ್ಕದ್ದು" ಎಂಬ ಸಾಲೂ ಸೇರಿತು.

ಮರುವರ್ಷ ಅವರು ಗಡಿಯಾರದ ಸೆಲ್ ತೆಗೆದು ಉಳಿತಾಯ ತೋರಿಸಿದರು. ಬೀರುವಿನಲ್ಲಿರುವ ಗಡಿಯಾರ ಯಾರಿಗೆಂದು ಓಡಬೇಕು? ಮುಳ್ಳುಗಳು ನಾಲ್ಕೂ ಹತ್ತಕ್ಕೆ ನಿಂತವು. ಆಮೇಲೂ ಜನ ಗಡಿಯಾರ ಹಿಂದಿರುಗಿಸಿದರು, ಏಕೆಂದರೆ ಸ್ಟೋರ್‌ಕೀಪರ್ ಪಕ್ಕದಲ್ಲೇ ಕೈ ಚಾಚಿ ನಿಂತಿರುತ್ತಿದ್ದರು.

ಹೀಗಿರಲಾಗಿ ಅವರದೇ ಸರದಿ ಬಂತು.

"ರೀ, ಗಡಿಯಾರಕ್ಕೆ ಮೊಳೆ ಹೊಡೆದಿದ್ದೀನಿ," ಎಂದರು ಹೆಂಡತಿ. "ಎದುರುಮನೆಯವರಿಗೂ ಹೇಳಿಬಿಟ್ಟೆ."

"ಹೊಸ ಮೊಳೆನಾ?"

"ಹಳೇದೇ. ಕ್ಯಾಲೆಂಡರಿಂದು ಕಿತ್ತೆ."

ನಿಯಮದ ಸಂಗತಿಯನ್ನು ಅವರು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಒಂದು ಗಡಿಯಾರವನ್ನೂ ತಂದುಕೊಡಲಿಲ್ಲವಲ್ಲ ಎಂದು ಅವರು ನಿಜಕ್ಕೂ ನೊಂದುಕೊಂಡರು. ಅಂಗಡಿಯಿಂದ ಕೊಂಡು ತರಬಹುದು ಎಂಬ ಯೋಚನೆ ಮಾತ್ರ ಬರಲಿಲ್ಲ.

ಸಮಾರಂಭ ಸಾಂಗವಾಗಿ ನಡೆಯಿತು. ಮ್ಯಾನೇಜರು ಗಡಿಯಾರ ಕೊಟ್ಟರು, ಫೋಟೊ ಆಯಿತು, ಹೊಸ ಸ್ಟೋರ್‌ಕೀಪರ್ ಕೈ ಚಾಚಿದ.

"ಕೊಟ್ಟಾಗ ಎಷ್ಟಾಗಿತ್ತು?" ಎಂದು ಕೇಳಿದರು ಇವರು.

"ನಾಲ್ಕೂ ಹತ್ತು."

"ಈಗೆಷ್ಟು?"

ಅವನು ಬಗ್ಗಿ ನೋಡಿದ. "ನಾಲ್ಕೂ ಹತ್ತು."

"ಹಾಗಾದ್ರೆ ಟೈಮಿದೆಯಪ್ಪ."

ಮ್ಯಾನೇಜರು ನಿಯಮ ಓದಿಸಿ ಕೇಳಿದರು. "ಒಂದು ಸೆಲ್ ತರಿಸಿ ಹಾಕಿದ್ರೆ ಹತ್ತು ನಿಮಿಷ ಆಗಿಹೋಗುತ್ತಲ್ವೇನ್ರೀ?"

"ಸೆಲ್ ಖರೀದಿಗೆ ನಿಷೇಧ ಇದೆ, ಸಾರ್. ಅದನ್ನೂ ನಾನೇ ಬರೆದಿದ್ದು."

ಸ್ಟೋರ್‌ಕೀಪರ್ ಗಡಿಯಾರವನ್ನು ಕಚೇರಿಯ ಹಳೇ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಜ್ಞಾಪನ ಬಂತು: "ನಿಗದಿತ ಹತ್ತು ನಿಮಿಷ ಕಳೆಯದ ಕಾರಣ ತಮ್ಮ ಬೀಳ್ಕೊಡುಗೆ ಸಮಾರಂಭವು ಚಾಲ್ತಿಯಲ್ಲಿರುತ್ತದೆ. ತಾವು ಇನ್ನೂ ನಿವೃತ್ತರಾಗದೆ ಇರುವುದರಿಂದ ಪಿಂಚಣಿ ಇರುವುದಿಲ್ಲ. ವಯಸ್ಸು ಮೀರಿರುವುದರಿಂದ ಸಂಬಳವೂ ಇರುವುದಿಲ್ಲ. ಸಮಾರಂಭ ಮುಗಿಯುವವರೆಗೆ ಸನ್ಮಾನಿತರು ಕಚೇರಿ ವೇಳೆಯಲ್ಲಿ ವೇದಿಕೆಯ ಮೇಲೆ ಹಾಜರಿರತಕ್ಕದ್ದು."

ಸ್ಟೋರ್‌ಕೀಪರ್ ಎರಡು ಸಲ ಓದಿದರು. ಒಂದೇ ಏಟಿಗೆ ಸಂಬಳ, ಪಿಂಚಣಿ ಎರಡನ್ನೂ ಉಳಿಸಿದ್ದ ಆ ಕೈಚಳಕಕ್ಕೆ ಅವರು ಮನಸ್ಸಿನಲ್ಲೇ ತಲೆದೂಗಿದರು.

"ವಾಪಸ್ ಕೊಟ್ಟುಬಿಡಿ," ಎಂದರು ಹೆಂಡತಿ. "ಪಿಂಚಣಿಯಾದ್ರೂ ಬರಲಿ. ನನಗೆ ಗಡಿಯಾರ ಬೇಡ."

"ಪುಕ್ಕಟೆ ಬಂದಿದ್ದನ್ನ ವಾಪಸ್ ಕೊಡೋದಾ?" ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಇದಾಗಿ ಮೂರು ವರ್ಷವಾಯಿತು. ಅವರು ದಿನವೂ ಹತ್ತರಿಂದ ಐದರವರೆಗೆ ಸಭಾಂಗಣದ ವೇದಿಕೆಯಲ್ಲಿ ಕೂರುತ್ತಾರೆ. ಹೊಸದಾಗಿ ಸೇರಿದವರು ಮೊದಲ ದಿನ ಬಂದು ಕೈಮುಗಿದು ಹೋಗುತ್ತಾರೆ. ಹೆಚ್ಚು ಉಳಿತಾಯ ಮಾಡಿಸಿದ ನೌಕರರೆಂದು ಹೋದ ವರ್ಷ ಅವರಿಗೆ ಇನ್ನೊಂದು ಸನ್ಮಾನವಾಯಿತು; ಆಗಲೇ ವೇದಿಕೆಯಲ್ಲಿದ್ದುದರಿಂದ ಪ್ರತ್ಯೇಕ ಖರ್ಚು ಬರಲಿಲ್ಲ. ಮ್ಯಾನೇಜರು ನಿವೃತ್ತಿಯಾಗಲಿರುವ ಇನ್ನೂ ನಾಲ್ವರಿಗೆ ನಿಂತ ಗಡಿಯಾರ ಕೊಡಲು ಮಂಜೂರಾತಿ ಕೇಳಿದ್ದಾರೆ.

ಮನೆ ನಡೆಯುವುದು ಹೆಂಡತಿಯ ಹೊಲಿಗೆ ಯಂತ್ರದಿಂದ. ಯಂತ್ರದ ಎದುರಿನ ಗೋಡೆಯಲ್ಲಿ, ಕ್ಯಾಲೆಂಡರಿನ ಹಳೇ ಮೊಳೆಗೆ, ಗಡಿಯಾರ ತೂಗುತ್ತದೆ. ಮೊನ್ನೆ ರವಿಕೆ ಅಳತೆ ಕೊಡಲು ಬಂದ ಎದುರುಮನೆಯಾಕೆ ಕೇಳಿದರು:

"ನಿಮ್ಮ ಯಜಮಾನರು ರಿಟೈರ್ ಆದ್ರು ಅಂದಿದ್ರಲ್ಲ, ಅಕ್ಕ?"

ಹೆಂಡತಿ ದಾರ ಕಚ್ಚಿ ತುಂಡರಿಸಿ, ಗೋಡೆಯ ಕಡೆ ಒಮ್ಮೆ ನೋಡಿದರು.

"ಇಲ್ಲಮ್ಮ. ಇನ್ನೂ ಹತ್ತು ನಿಮಿಷ ಇದೆ."