ಯಾರೂ ಕೊಳ್ಳದ ಆನೆ

ಯಾರೂ ಕೊಳ್ಳಬಾರದೆಂದೇ ಅಂಗಡಿಯಲ್ಲಿಟ್ಟಿದ್ದ ಚಿನ್ನದ ಆನೆಯನ್ನು ಅವತ್ತು ಬೆಳಿಗ್ಗೆ ಯಾರೋ ಕೊಂಡುಬಿಟ್ಟರು. ಸಾಹುಕಾರನ ಫಜೀತಿ ಶುರುವಾದದ್ದು ಅಲ್ಲಿಂದ.

ಸಾಹುಕಾರ ಅಂದರೆ ದುಡ್ಡಿರುವ ಸಾಹುಕಾರನಲ್ಲ. ಮೊಬೈಲ್ ಆಟಗಳನ್ನು ತಯಾರಿಸುವ ಕಚೇರಿಯೊಂದರಲ್ಲಿ ಅವನು ಸಂಬಳದ ನೌಕರ. ಅವರ ಆಟದ ಹೆಸರು 'ಹಸಿರು ಹೊಲ'. ಆಡುವುದಕ್ಕೆ ಪುಕ್ಕಟೆ. ಆದರೆ ಹೊಲಕ್ಕೆ ಬೀಜ, ಬಾವಿಗೆ ರಾಟೆ, ಕೋಳಿಗೆ ಗೂಡು ಬೇಕೆಂದರೆ ಆಟದೊಳಗೇ ಒಂದು ಅಂಗಡಿಯಿದೆ, ಅಲ್ಲಿ ಹರಳು ಕೊಟ್ಟು ಕೊಳ್ಳಬೇಕು. ಹರಳನ್ನು ಮಾತ್ರ ನಿಜವಾದ ದುಡ್ಡು ಕೊಟ್ಟೇ ಕೊಳ್ಳಬೇಕು. ಈ ಅಂಗಡಿಯಲ್ಲಿ ಸಾಮಾನು ಜೋಡಿಸಿ ಬೆಲೆ ಬರೆಯುವುದು ಅವನ ಕೆಲಸವಾದ್ದರಿಂದ ಕಚೇರಿಯವರೆಲ್ಲ ಅವನನ್ನು ಸಾಹುಕಾರ ಅನ್ನುತ್ತಿದ್ದರು. ತಿಂಗಳ ಕೊನೆಯ ವಾರದಲ್ಲಿ ಆ ಹೆಸರು ಅವನಿಗೆ ಬಹಳ ಚುಚ್ಚುತ್ತಿತ್ತು.

ಕೆಲಸದಲ್ಲಿ ಅವನದು ಪಳಗಿದ ಕೈ. ಕೊಳ್ಳುವವರು ಒತ್ತಬೇಕಾದ 'ಹೂಂ' ಗುಂಡಿ ಹಚ್ಚ ಹಸಿರು, ಊಟದ ತಟ್ಟೆಯಂಥದ್ದು. 'ಬೇಡ' ಗುಂಡಿ ಬೂದು ಬಣ್ಣದ ಸಾಸಿವೆಕಾಳು, ಅದೂ ಮೂಲೆಯಲ್ಲಿ. ಹರಳು ಸಾಲದೆ ಹೋದರೆ ಅಂಗಡಿ ತಾನಾಗಿ 'ಸೇರಿಸಲೇ?' ಎಂದು ವಿನಯದಿಂದ ಕೇಳುತ್ತದೆ. ಕೆಳಗೆ ಮತ್ತೆ ಅದೇ ದೊಡ್ಡ ಹೂಂ. "ಖರ್ಚಾಗ್ತಿರೋದು ದುಡ್ಡು ಅನ್ನೋದೇ ನೆನಪಾಗ್ಬಾರ್ದು. ಅಷ್ಟೇ ನಮ್ಮ ವಿದ್ಯೆ" ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದ.

ಚಿನ್ನದ ಆನೆಯೂ ಅದೇ ವಿದ್ಯೆಯ ಭಾಗ. ಅಂಗಡಿಯಲ್ಲಿ ಬೀಜದ ಬುಟ್ಟಿ ಒಂದು, ಬೀಜದ ಮೂಟೆ ಒಂದು ಇದ್ದವು. ಮೂಟೆ ದುಬಾರಿಯಾಯಿತೆಂದು ಜನ ಬುಟ್ಟಿಯನ್ನೇ ಕೊಳ್ಳುತ್ತಿದ್ದರು. ಆಗ ಸಾಹುಕಾರ ಮೂಟೆಯ ಪಕ್ಕದಲ್ಲಿ ಕಣ್ಣು ಕುಕ್ಕುವ ಬೆಲೆಯ ಆನೆಯೊಂದನ್ನು ಇಟ್ಟ. ಆನೆಯ ಬೆಲೆ ನೋಡಿ ಎದೆ ಹಿಡಿದುಕೊಂಡವರಿಗೆ ಮೂಟೆ ಅಗ್ಗವಾಗಿ ಕಂಡಿತು. ಆನೆಯ ಕೆಲಸ ಹೆದರಿಸುವುದಷ್ಟೇ, ಮಾರಾಟವಾಗುವುದಲ್ಲ. ಹಾಗಾಗಿ ಆನೆಯನ್ನು ಯಾರೂ ತಯಾರು ಮಾಡಿರಲೇ ಇಲ್ಲ. ಅಂಗಡಿಯಲ್ಲಿ ಕಾಣುತ್ತಿದ್ದದ್ದು ಒಂದು ಕೆಂಪು ಪರದೆ, ಅದರಾಚೆಯಿಂದ ಇಣುಕುವ ಚಿನ್ನದ ಬಾಲ.

ಬೆಲೆ ಬರೆಯುವಾಗ, ಯಾವ ಹುಚ್ಚನೂ ಒಂದು ಆಟಕ್ಕೆ ಸುರಿಯಲಾರದ ಮೊತ್ತ ಯಾವುದು ಎಂದು ಯೋಚಿಸಿ, ಸಾಹುಕಾರ ತನ್ನ ತಿಂಗಳ ಸಂಬಳವನ್ನೇ ಬರೆದಿದ್ದ. ಹೆಂಡತಿಯ ಸಂಬಳ ಅವನದಕ್ಕಿಂತ ಒಂದೂವರೆ ಪಟ್ಟು. ಅದನ್ನೇ ಬರೆಯೋಣವೆಂದುಕೊಂಡವನು ಯಾಕೋ ಸ್ವಾಭಿಮಾನ ಅಡ್ಡ ಬಂದು ಬಿಟ್ಟಿದ್ದ.

ಅವತ್ತು ಸಂಬಳದ ದಿನ. ಬ್ಯಾಂಕಿನ ಸಂದೇಶಗಳಲ್ಲಿ ಅವನು ಓದುತ್ತಿದ್ದದ್ದು ತಿಂಗಳಿಗೆ ಅದೊಂದನ್ನೇ. ಬಸ್ಸಿನಲ್ಲಿ ಅದನ್ನು ಎರಡು ಸಲ ಓದಿ, ಫೋನಿನ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿಕೊಂಡ. ಮನೆಯಲ್ಲೂ ನೆಮ್ಮದಿ. ಮೊಣಕಾಲು ನೋವೆಂದು ಅತ್ತೆ ಬಂದು ಮೂರು ತಿಂಗಳಾಗಿದ್ದರೂ ಅವನ ತಾಯಿಗೂ ಅತ್ತೆಗೂ ಒಂದು ಕೊಂಕು ಮಾತು ಬಂದಿರಲಿಲ್ಲ. ತಾಯಿಯದು ಬೀದಿಗೆ ಕೇಳುವ ಗಂಟಲು. ಅತ್ತೆಯೋ ಬಾಯಿ ಬಿಟ್ಟರೆ ಮುತ್ತು ಉದುರೀತೆನ್ನುವಷ್ಟು ಮೆತ್ತಗೆ. "ನೀವು ಕೂತ್ಕೊಳ್ಳಿ ಬೀಗರೇ", "ಅಯ್ಯೋ, ಮೊದ್ಲು ನೀವು" ಎಂದು ಉಪಚಾರ ಮಾಡಿಕೊಂಡು, ಸೋಫಾದ ಎರಡು ತುದಿಯಲ್ಲಿ ಫೋನು ಹಿಡಿದು ಕೂತರೆ ಇಬ್ಬರಿಗೂ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಅತ್ತೆ ಔಷಧಿ ತರಿಸಿಕೊಳ್ಳಲಿ ಎಂದು ಸಾಹುಕಾರ ತನ್ನ ಕಾರ್ಡನ್ನು ಅವರ ಫೋನಿಗೆ ಜೋಡಿಸಿಕೊಟ್ಟಿದ್ದ. ಅದನ್ನು ಕಂಡು ಹೆಂಡತಿ, ತಾನೇನು ಕಡಿಮೆಯೆಂದು, ತನ್ನ ಕಾರ್ಡನ್ನು ತನ್ನ ಅತ್ತೆಯ, ಅಂದರೆ ಅವನ ತಾಯಿಯ, ಫೋನಿಗೆ ಜೋಡಿಸಿದ್ದಳು. ಇಂಥ ಮನೆ ಯಾರಿಗುಂಟು ಎಂದುಕೊಳ್ಳುತ್ತಲೇ ಅವನು ಕಚೇರಿಯ ಮೆಟ್ಟಿಲು ಹತ್ತಿದ.

ಬಾಗಿಲಲ್ಲೇ ದೂರಿನಕ್ಕ ಅಡ್ಡ ನಿಂತಿದ್ದಳು. ಆಡುವವರ ದೂರುಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಪ್ರಪಂಚದ ಬೈಗುಳವೆಲ್ಲ ಅವಳಿಗೆ ಬಾಯಿಪಾಠ.

"ಸಾಹುಕಾರ್ರೇ, ನಿಮ್ಮ ಆನೆ ಮಾರಾಟ ಆಯ್ತು."

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡಕ್ಕಾ."

"ನನ್ನ ಮುಖ ನೋಡಿದ್ರೆ ತಮಾಷೆ ಥರ ಕಾಣುತ್ತಾ? ಕೊಂಡೋರು ಆಟದಲ್ಲಿ ರಣಚಂಡಿ ಅಂತ ಹೆಸರಿಟ್ಕೊಂಡಿದ್ದಾರೆ. ಈಗಾಗ್ಲೇ ಏಳು ಸಂದೇಶ ಬಂದಿದೆ. ಕೇಳಿ: 'ದುಡ್ಡು ತಗೊಂಡು ಬಾಲ ತೋರಿಸ್ತೀರಾ? ಆನೆ ಎಲ್ರೋ?'"

ಅಷ್ಟರಲ್ಲಿ ಯಜಮಾನರು ಒಳಗಿನಿಂದ ಕರೆದರು. ಯಜಮಾನರಿಗೆ ಹುಟ್ಟಿನಿಂದ ಆಗದ ಮಾತು ಒಂದೇ, 'ವಾಪಸು'. ಅದನ್ನು ಕೇಳಿದರೆ ಅವರಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು.

"ಸಾರ್, ಆನೆ ಇಲ್ಲ. ಕ್ಷಮೆ ಕೇಳಿ ದುಡ್ಡು ವಾ..."

"ಆ ಮಾತು ಆಡ್ಬೇಡಿ!"

"ಹಿಂದಿರುಗಿಸಿಬಿಡೋಣ ಸಾರ್."

"ಧಾರಾಳವಾಗಿ ಹಿಂದಿರುಗಿಸಿ. ನಿಮ್ಮ ಈ ತಿಂಗಳ ಸಂಬಳ ನಮಗೆ ವಾಪ... ನಮಗೆ ಕಟ್ಟಿ, ಅದ್ರಿಂದ ಹಿಂದಿರುಗಿಸಿ. ಬೆಲೆ ಅಷ್ಟೇ ತಾನೇ? ಇಲ್ಲಾಂದ್ರೆ ಸಂಜೆಯೊಳಗೆ ಆ ಯಮ್ಮನ ಹೊಲದಲ್ಲಿ ಆನೆ ನಿಂತಿರ್ಬೇಕು. ಸಾಮಾನು ಹೊಲಕ್ಕೆ ಇಳಿದು, ಕೊಂಡೋರು ಒಪ್ಪಿಕೊಂಡ ಮೇಲೆ ದುಡ್ಡು ಮರಳೋ ಮಾತೇ ಇಲ್ಲ ಅಂತ ನಿಯಮ ಬರೆದೋರು ನೀವೇ ಅಲ್ವಾ?"

ಹೌದು, ಅವನೇ. ಆ ನಿಯಮಕ್ಕೆ ಅವನಿಗೆ ಬಹುಮಾನವಾಗಿ ಒಂದು ನೀರಿನ ಬಾಟಲಿಯೂ ಬಂದಿತ್ತು.

ತಿಂಗಳಿಡೀ ದುಡಿದ ಸಂಬಳ ಕಣ್ಣೆದುರೇ ಕೈಜಾರುವುದನ್ನು ಯಾರು ತಾನೇ ಸಹಿಸುತ್ತಾರೆ? ಸಾಹುಕಾರ ಚಿತ್ರಗಾರನ ಮೇಜಿಗೆ ಓಡಿದ. ಚಿತ್ರಗಾರ ಕುರ್ಚಿಯಲ್ಲಿ ಒರಗಿ ಸೇಡು ತೀರಿಸಿಕೊಂಡ.

"ಪೂರ್ತಿ ಆನೆ ಬರೀತೀನಿ ಅಂದೆ. ಯಾರು ಕೊಳ್ತಾರೆ, ಬಾಲ ಸಾಕು ಅಂದ್ರಿ. ಈಗ ಸಂಜೆಯೊಳಗೆ ಆನೆ ಬೇಕಾ? ಅದು ನಡೀಬೇಕು, ಕಿವಿ ಆಡಿಸ್ಬೇಕು, ತಿನ್ಬೇಕು. ಮೂರು ವಾರ ಆಗುತ್ತೆ."

"ಇರೋದ್ರಲ್ಲೇ ಏನಾದ್ರೂ ಮಾಡಪ್ಪಾ. ನಿನ್ನ ಕಾಲಿಗೆ ಬೀಳ್ತೀನಿ."

"ಇರೋದ್ರಲ್ಲಿ ದೊಡ್ಡದು ಅಂದ್ರೆ ಎಮ್ಮೆ."

ಹಾಗೆ ಎಮ್ಮೆಯನ್ನು ಆನೆ ಮಾಡುವ ಕೆಲಸ ಶುರುವಾಯಿತು. ಎಮ್ಮೆಯನ್ನು ಎಲ್ಲ ದಿಕ್ಕಿಗೂ ಎಳೆದು ಉಬ್ಬಿಸಿ ಚಿನ್ನದ ಬಣ್ಣ ಬಳಿದರು. ತೋಟಕ್ಕೆ ನೀರು ಬಿಡುವ ಪೈಪನ್ನು ತಂದು ಮೂಗಿಗೆ ಅಂಟಿಸಿದರು. ಬಾಳೆ ಎಲೆ ಎರಡು ಕಿವಿಗಳಾದವು. ಕೊಂಬನ್ನು ಕಿತ್ತರೆ ತಲೆಯೇ ಉದುರುತ್ತದೆ ಎಂದು ಗೊತ್ತಾದಾಗ ಚಿತ್ರಗಾರ ಕೊಂಬುಗಳನ್ನು ಕೆಳಕ್ಕೆ ತಿರುಗಿಸಿ, "ನೋಡಿ, ದಂತ!" ಎಂದ.

ಹೊಸ ಪ್ರಾಣಿಗೆ ಜೀವ ತುಂಬಬೇಕಾದವಳು ಕಂಪ್ಯೂಟರಿನಲ್ಲಿ ಕೋಡ್ ಬರೆಯುವವಳು. ಅವಳು ಕಂಪ್ಯೂಟರಿನ ಪರದೆಯನ್ನು ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟಳು.

"ನಡೆಯುತ್ತೆ. ಆದ್ರೆ ಬುದ್ಧಿ ಎಮ್ಮೇದೇ. ಬೇಲಿ ಇಲ್ದಿದ್ರೆ ಪಕ್ಕದ ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತೆ. ಅದನ್ನ ಸರಿಮಾಡೋಕೆ ಇವತ್ತಾಗಲ್ಲ."

"ಪಕ್ಕದ ಹೊಲದವರ ಕರ್ಮ. ಬಿಡಮ್ಮಾ."

"ಇನ್ನೊಂದು. ಅಂಬಾ ಅನ್ನುತ್ತೆ."

ಆನೆ ಅಂಬಾ ಅಂದರೆ ಹೇಗೆ? ದನಿ ಹಿಡಿಯುವವನು ರಜೆಯಲ್ಲಿದ್ದ. ಕೊನೆಗೆ ಸಾಹುಕಾರನನ್ನೇ ದನಿಕೋಣೆಗೆ ತಳ್ಳಿ, ಕೈಗೆ ಕೊಳವೆಯಂತೆ ಸುತ್ತಿದ ಕಾಗದ ಕೊಟ್ಟು, ಘೀಳಿಡಿ ಅಂದರು. ಮೊದಲ ಸಲ ಕೆಮ್ಮು ಬಂತು. ಎರಡನೆಯ ಸಲ ಕರುವಿನಂತೆ ಕೇಳಿಸಿತು. "ಸಂಬಳ ಹೋಯ್ತು ಅಂದ್ಕೊಂಡು ಕೂಗಿ ಸಾಹುಕಾರ್ರೇ" ಎಂದು ದೂರಿನಕ್ಕ ಗಾಜಿನಾಚೆಯಿಂದ ಉಪಾಯ ಹೇಳಿದಳು. ಹಾಗಂದುಕೊಂಡು ಅವನು ಕೂಗಿದ "ಪ್ಞೋಂ...ಯ್ಞೋಂ!" ಎಂಬ ಕೂಗಿಗೆ ಇಡೀ ಕಚೇರಿ ಎದ್ದು ನಿಂತಿತು.

ಸಂಜೆ ಆಗುತ್ತಿದ್ದಂತೆ ಆನೆ ಹೊಲಕ್ಕಿಳಿಯಿತು. ಎಲ್ಲರೂ ದೂರಿನಕ್ಕನ ಬೆನ್ನ ಹಿಂದೆ ಗುಂಪುಗೂಡಿ ನಿಂತರು. ರಣಚಂಡಿಯ ಸಂದೇಶ ಬಂತು.

'ಇದು ಆನೆನಾ? ಎಮ್ಮೆಗೆ ಕಾಮಾಲೆ ಬಂದಂಗಿದೆ. ನನಗೆ ಬೇಡ. ವಾಪಸ್ ತಗೊಳ್ಳಿ.'

ಗಾಜಿನ ಕೋಣೆಯಲ್ಲಿ ಯಜಮಾನರು ಮೈ ಕೆರೆದುಕೊಂಡರು. ಸಾಹುಕಾರ ಅಕ್ಕನನ್ನು ಪಕ್ಕಕ್ಕೆ ಸರಿಸಿ ತಾನೇ ಬರೆಯಲು ಕೂತ.

'ನಮಸ್ಕಾರ ತಾಯಿ. ನಾನು ಆನೆ ವಿಭಾಗದ ಮುಖ್ಯಸ್ಥ. ಇದು ಸಾಮಾನ್ಯ ಆನೆಯಲ್ಲ. ಬಹಳ ಅಪರೂಪದ ತಳಿ. ಇಡೀ ಆಟದಲ್ಲಿ ಇರೋದು ಇದೊಂದೇ.'

'ಒಂದೇನಾ? ಪಕ್ಕದ ಹೊಲದ ಮಲ್ಲಿಗೆಮೊಗ್ಗು ಹತ್ರ ಇಲ್ಲ ತಾನೇ?'

ಸಾಹುಕಾರನ ಕಣ್ಣು ಹೊಳೆಯಿತು. ದಾರಿ ಸಿಕ್ಕಿತು!

'ಅವರ ಹತ್ರ ಎಲ್ಲಿಂದ ಬರಬೇಕು ತಾಯಿ? ಇಂಥದ್ದನ್ನ ಸಾಕೋಕೆ ಯೋಗ್ಯತೆ ಬೇಕು. ಅವರು ನೋಡಿ ಹೊಟ್ಟೆ ಉರಿದುಕೊಳ್ತಾರೆ ಅಷ್ಟೇ.'

ಉತ್ತರ ಬಂತು: 'ಈಗ ತಾನೇ ಅವಳ ಜೋಳಕ್ಕೆ ನುಗ್ಗಿ ತಿಂತಾ ಇದೆ! ಬಂಗಾರದಂಥ ಆನೆ. ಒಪ್ಪಿಕೊಂಡೆ.'

ಕಚೇರಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಯಜಮಾನರು ಹೊರಬಂದು ಸಾಹುಕಾರನ ಬೆನ್ನು ತಟ್ಟಿದರು. ಅವರು ಬೆನ್ನು ತಟ್ಟಿದರೆಂದರೆ ಇನ್ನೊಂದು ಕೆಲಸ ಬಂತೆಂದೇ ಲೆಕ್ಕ.

"ಒಬ್ಬರು ಕೊಂಡ್ಮೇಲೆ ಆನೆ ಹೆದರಿಸೋ ಸಾಮಾನಲ್ಲ, ಮಾರೋ ಸಾಮಾನು. ಜೋಡಿ ಆನೆ ಇಡಿ. ಒಂದೂವರೆ ಆನೆ ಬೆಲೆಗೆ ಎರಡು, ಇವತ್ತೊಂದೇ ದಿನ. ಮೊದ್ಲು ಆ ಪಕ್ಕದ ಹೊಲದ ಯಮ್ಮಂಗೆ ತೋರ್ಸಿ. ಹೊಟ್ಟೆ ಉರೀತಿರೋವಾಗ್ಲೇ ಹೋಗ್ಬೇಕು. ಹಾಂ, ಆ 'ಬೇಡ' ಗುಂಡಿ ಇನ್ನೂ ಕಾಣ್ತಾ ಇದೆ. ಸ್ವಲ್ಪ ಚಿಕ್ಕದು ಮಾಡಿ."

ಸಾಹುಕಾರ ಹಾಗೇ ಮಾಡಿ, 'ಬೇಡ'ವನ್ನು ಹಸಿರು ಹೂಂನ ಅಂಚಿಗೇ ತಾಗಿಸಿ ಇಟ್ಟು, ಉಳಿಸಿಕೊಂಡ ಸಂಬಳವನ್ನು ಮನಸ್ಸಿನಲ್ಲೇ ಸವರುತ್ತ ಮನೆಗೆ ಹೊರಟ. ಬರುವಾಗ ಎಲ್ಲರಿಗೂ ಏನಾದರೂ ಸಿಹಿ ಒಯ್ಯೋಣವೆನ್ನಿಸಿತು. ಅಂಗಡಿಯವನು ಕಾರ್ಡನ್ನು ಎರಡು ಸಲ ಉಜ್ಜಿ, "ಹೋಗ್ತಿಲ್ಲ ಸಾರ್" ಅಂದ. ನೆಟ್‌ವರ್ಕ್ ಸರಿಯಿಲ್ಲವೇನೋ ಎಂದುಕೊಂಡು ಬರಿಗೈಲೇ ಬಂದ.

ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಕೇಳಿಸಿತು.

"ಪ್ಞೋಂ...ಯ್ಞೋಂ!"

ಸ್ವಂತ ದನಿಯನ್ನು ಯಾರು ಗುರುತಿಸುವುದಿಲ್ಲ? ಒಂದು ಕಾಲಿನ ಚಪ್ಪಲಿಯಲ್ಲೇ ಅವನು ಒಳಗೆ ನುಗ್ಗಿದ. ಸೋಫಾದ ಒಂದು ತುದಿಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಅವರ ಫೋನಿನಲ್ಲಿ ಕಾಮಾಲೆಯ ಎಮ್ಮೆ ಪೈಪು ಎತ್ತಿ ಕುಣಿಯುತ್ತಿತ್ತು. ಮೇಲೆ ಹೆಸರು: ರಣಚಂಡಿ. ಹೋದ ವರ್ಷ ಆಡುವವರ ಸಂಖ್ಯೆ ಏರಿಸಲು ಮನೆಯವರ, ನೆಂಟರ ಫೋನಿಗೆಲ್ಲ ಆಟ ಹಾಕಿಕೊಡಿ ಎಂದು ಕಚೇರಿಯಲ್ಲಿ ಹೇಳಿದಾಗ ಅವನೇ ಹಾಕಿಕೊಟ್ಟದ್ದು ಈಗ ನೆನಪಾಯಿತು.

"ಅತ್ತೇ... ಈ ಆನೆಗೆ ದುಡ್ಡು?"

"ದುಡ್ಡೆಲ್ಲಿ ಅಳಿಯಂದ್ರೇ, ಬರೀ ಹರಳು" ಎಂದರು ಅತ್ತೆ, ಅದೇ ಮುತ್ತಿನ ದನಿಯಲ್ಲಿ. "ಸಾಲ್ದು ಅಂತು. ಸೇರಿಸ್ಲಾ ಅಂತು. ಪಾಪ, ಅಷ್ಟು ಮರ್ಯಾದೆಯಿಂದ ಕೇಳಿದ್ರೆ ಹೇಗೆ ಬೇಡ ಅನ್ನೋದು? ಹೂಂ ಅಂದೆ. ವಾಪಸ್ ಕೊಡೋಣ ಅಂತಲೇ ಇದ್ದೆ. ಆನೆ ವಿಭಾಗದ ಮುಖ್ಯಸ್ಥರು ಅಂತ ಒಬ್ಬರು, ಬಹಳ ಒಳ್ಳೆಯೋರು, ಅವರ ಮಾತಿಗೆ ಕಟ್ಟುಬಿದ್ದು ಇಟ್ಕೊಂಡೆ."

ಸಾಹುಕಾರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉಳಿಸಿಕೊಳ್ಳಲು ಒದ್ದಾಡಿದ ಸಂಬಳ ಬೆಳಿಗ್ಗೆಯೇ ಅವನ ಖಾತೆಯಿಂದ ಹೋಗಿಯಾಗಿತ್ತು; ಹಿಂದಿರುಗಿಸಿದ್ದರೂ ಯಜಮಾನರು ಕಿತ್ತುಕೊಂಡದ್ದೇ ಅವನ ಖಾತೆಗೆ ಮರಳುತ್ತಿತ್ತು. ಕೈಕಟ್ಟಿ ಕೂತಿದ್ದರೂ ನಷ್ಟ ಅಷ್ಟೇ. ಕೂಗಿ, ಕಾಲು ಹಿಡಿದು, ಸುಳ್ಳು ಹೇಳಿ, ಇಡೀ ದಿನ ಬೆವರು ಸುರಿಸಿ ಅವನು ತಾನು ಮಾಡಿಸಿದ ಎಮ್ಮೆಯನ್ನು ತನ್ನ ಸಂಬಳಕ್ಕೆ ತಾನೇ ಕೊಂಡಿದ್ದ. ಅಳು ಬಂತು; ಅಳುವುದಕ್ಕೆ ಜಾಗ ನೋಡುತ್ತಿದ್ದಾಗ ಸೋಫಾದ ಇನ್ನೊಂದು ತುದಿಯಿಂದ ತಾಯಿಯ ಗಂಟಲು ಗುಡುಗಿತು.

"ಬಂದ್ಯೇನೋ! ನನ್ನ ಜೋಳ ಪೂರ್ತಿ ಹಾಳಾಯ್ತು ಕಣೋ. ಪಕ್ಕದ ಹೊಲದ ಬಜಾರಿ ಯಾವಳೋ ಆನೆ ತಂದು ನುಗ್ಗಿಸಿದ್ದಾಳೆ!"

"ಎಲ್ಲಾ ಕಡೆ ಅಂಥೋರು ಇರ್ತಾರೆ ಬಿಡಿ ಬೀಗರೇ" ಎಂದು ಅತ್ತೆ ಫೋನಿನಿಂದ ತಲೆಯೆತ್ತದೆ ಸಮಾಧಾನ ಹೇಳಿದರು. "ನನ್ನ ಪಕ್ಕದಲ್ಲೂ ಒಬ್ಬಳಿದ್ದಳು. ಇವತ್ತು ಬುದ್ಧಿ ಕಲಿಸ್ದೆ."

"ಒಳ್ಳೇದು ಮಾಡಿದ್ರಿ ಬೀಗರೇ. ನಾನೂ ಬಿಡಲ್ಲ. ಅವಳಿಗೆ ಒಂದಾದ್ರೆ ನನಗೆ ಎರಡು. ನೋಡೋ, ಜೋಡಿ ಆನೆ, ಇವತ್ತೊಂದೇ ದಿನವಂತೆ!"

ತಾಯಿಯ ಹೆಬ್ಬೆರಳು ಹಸಿರು ತಟ್ಟೆಯ ಮೇಲೆ ಇಳಿಯುತ್ತಿತ್ತು.

"ಅಮ್ಮಾ, ಬೇಡ!" ಎಂದು ಕಿರುಚಿ ಸಾಹುಕಾರ ಹಾರಿ ಫೋನು ಕಿತ್ತುಕೊಂಡ. ಬೇಡ ಎಲ್ಲಿದೆ? ಮೂಲೆ ಮೂಲೆ ಹುಡುಕಿದ. ಹಸಿರಿನ ಅಂಚಿನಲ್ಲಿ ಧೂಳಿನ ಕಣದಂತೆ ಕಂಡಿತು. ಕಿರುಬೆರಳಿನ ತುದಿಯಿಂದ, ಗುರಿಯಿಟ್ಟು ಒತ್ತಿದ.

'ಹೂಂ ಅಂದದ್ದಕ್ಕೆ ಧನ್ಯವಾದ!' ಎಂದಿತು ಅಂಗಡಿ.

ಒಳಗಿನ ಕೋಣೆಯಲ್ಲಿ ಹೆಂಡತಿಯ ಫೋನು ಟಿಂಗ್ ಅಂದಿತು. ಅವಳು ಬ್ಯಾಂಕಿನ ಸಂದೇಶಗಳನ್ನೆಲ್ಲ ಓದುವವಳು.

"ರೀ, ಬಂದ್ರಾ? ಸ್ವಲ್ಪ ಇಲ್ಲಿ ಬನ್ನಿ. ನನ್ನ ಸಂಬಳ ಪೂರ್ತಿ ಕೊಟ್ಟು ಯಾರೋ ಎರಡು ಆನೆ ತಗೊಂಡಿದ್ದಾರೆ!"

ಸಾಹುಕಾರ ಉತ್ತರ ಕೊಡಲು ಬಾಯಿ ತೆರೆದ. ಅತ್ತೆಯ ಫೋನಿನಿಂದಲೂ ಅವನ ಕೈಯಲ್ಲಿದ್ದ ಫೋನಿನಿಂದಲೂ ಮೂರು ಆನೆಗಳು ಅವನದೇ ದನಿಯಲ್ಲಿ ಘೀಳಿಟ್ಟವು.