ಕೂರಿಸ್ರೀ ಏಳನೇ ನಂಬರನ್ನ!

ಬ್ಯಾಸ್ಕೆಟ್‌ಬಾಲ್ ಆಡುವವರು ಹತ್ತು ಜನ, ಆಡಿಸುವವರು ಇಬ್ಬರು, ಆದರೆ ಆಟ ಗೊತ್ತಿರುವವರು ಮಾತ್ರ ಸುತ್ತ ಕೂತ ಇನ್ನೂರು ಜನವೂ. ಹೀಗಿರುವಾಗ ಒಂದಲ್ಲ ಒಂದು ಫಜೀತಿ ಆಗದೆ ಯಾವ ಮ್ಯಾಚಾದರೂ ಹೇಗೆ ಮುಗಿದೀತು?

ನಾನು ವಾಚ್ ರಿಪೇರಿಯವನು. ಅಂಗಡಿ ಲಷ್ಕರ್ ಮೊಹಲ್ಲಾದಲ್ಲಿ. ನನ್ನ ಹತ್ತಿರ ಒಂದು ಸ್ಟಾಪ್‌ವಾಚ್ ಇದೆ ಎನ್ನುವ ಒಂದೇ ಯೋಗ್ಯತೆಯ ಮೇಲೆ ಹತ್ತಿರದ ಕ್ಲಬ್ಬಿನವರು ನನ್ನನ್ನು ಹಿಡಿದು ಟೈಂ ಕೀಪರ್ ಮಾಡಿದರು. ತೊಂಬತ್ತರ ದಶಕದ ಶುರುವಿನಿಂದ ಹದಿನೈದು ವರ್ಷ ಅಂಕಣದ ಪಕ್ಕ ಮೇಜು ಹಾಕಿಕೊಂಡು ಕೂತೆ. ಅಷ್ಟು ವರ್ಷದಲ್ಲಿ ಚೆಂಡು ಎರಡು ಸಲ ನನ್ನ ಮೂಗಿಗೆ ಬಡಿಯಿತು, ನಾನು ಒಂದು ಸಲವೂ ಅದನ್ನು ಬುಟ್ಟಿಗೆ ಹಾಕಲಿಲ್ಲ. ಈಗ ಆ ದಿನಗಳನ್ನು ನೆನೆಸಿಕೊಂಡರೆ ಮೊದಲು ನಗು ಬರುತ್ತದೆ. ನಗು ಮುಗಿಯುವ ಹೊತ್ತಿಗೆ ಎದೆ ಭಾರವಾಗಿರುತ್ತದೆ.

ಎರಡು ಪಾರ್ಟಿ

ನಮ್ಮ ಕ್ಲಬ್ಬಿನ ಕ್ಯಾಪ್ಟನ್ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಶಿಫ್ಟ್ ಮುಗಿಸಿ, ಬಸ್ಸು ಹಿಡಿದು, ಖಾಕಿ ಬಟ್ಟೆಯಲ್ಲೇ ಬಂದು, ಏಳನೇ ನಂಬರಿನ ಬನಿಯನ್ ತೊಟ್ಟು ಇಳಿಯುತ್ತಿದ್ದ. ಒಂದು ಕಾಲದಲ್ಲಿ ಅವನು ಹಾರಿದರೆ ಕೆಳಗಿಳಿಯುವುದು ಯಾವಾಗ ಎಂದು ಕಾಯಬೇಕಿತ್ತು. ನಾನು ಹೇಳುತ್ತಿರುವುದು ಮೂವತ್ತೈದು ದಾಟಿದ ಮೇಲಿನ ಕಥೆ. ಆಗ ಅವನು ಹಾರುವುದು ಯಾವಾಗ ಎಂದು ಕಾಯಬೇಕಿತ್ತು.

ಈ ಒಂದು ವಿಷಯಕ್ಕೆ ನಮ್ಮ ಗ್ಯಾಲರಿ ಎರಡು ಪಾರ್ಟಿಯಾಗಿತ್ತು. ಕ್ಯಾಪ್ಟನ್ ಇನ್ನೂ ಆಡಬೇಕು ಎನ್ನುವ ಪಾರ್ಟಿಗೆ ನಮ್ಮ ಬೀದಿಯ ಟೈಲರ್ ಸಾಹೇಬರು ಲೀಡರು. ಸಾಕು, ಕೂರಬೇಕು ಎನ್ನುವ ಪಾರ್ಟಿಗೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಮೇಷ್ಟ್ರು ಹರೆಯದಲ್ಲಿ ತಾವೂ ಆಡಿದವರು, ನಿಯಮದ ಪುಸ್ತಕ ಬಾಯಿಪಾಠ. ಕ್ಯಾಪ್ಟನ್ ಕೈಯಿಂದ ಚೆಂಡು ಜಾರಿತೋ ಇಲ್ಲವೋ, ಎದ್ದು ನಿಂತು ಕೂಗುವರು: "ಕೂರಿಸ್ರೀ ಏಳನೇ ನಂಬರನ್ನ!"

ಕ್ಯಾಪ್ಟನ್ ಒಂದು ದಿನವೂ ತಿರುಗಿ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಇಬ್ಬರೂ ಮುಖಾಮುಖಿ ಮಾತಾಡಿದ್ದೇ ಇಲ್ಲ. ಒಮ್ಮೆ ಅಂಗಡಿಗೆ ಬಂದಾಗ ನಾನೇ ಕೇಳಿದೆ, "ಬೇಜಾರಾಗಲ್ವೇನಯ್ಯ?"

"ಆಗ್ತದೆ ಸಾ. ಆದ್ರೆ ಆಟ ಗೊತ್ತಿರೋರು ಅವರೊಬ್ರೇ. ಟೈಲರ್ ಸಾಹೇಬ್ರು ನಾನು ಬಿದ್ರೂ ಚಪ್ಪಾಳೆ ತಟ್ತಾರೆ. ಮೇಷ್ಟ್ರ ಬಾಯಲ್ಲಿ ಒಂದೇ ಒಂದ್ಸಲ ಚೆನ್ನಾಗಾಡ್ದೆ ಅಂತ ಬಂದ್ಬುಟ್ರೆ ಸಾಕು, ಅವತ್ತೇ ಆಟ ಬುಟ್ಬುಡ್ತೀನಿ."

ಆ ಒಂದು ಮಾತಿಗಾಗಿ ಆ ಮನುಷ್ಯ ಮಂಡಿ ಸವೆಸಿಕೊಳ್ಳುತ್ತಿದ್ದಾನೆ ಎಂದು ನನಗೆ ಅವತ್ತು ತಿಳಿಯಿತು. ಪಾರ್ಟಿ ಲೀಡರುಗಳಿಗೆ ತಿಳಿದಿರಲಿಲ್ಲ. ಅವರದು ಬೇರೆಯೇ ಜಗಳ.

"ಅವನಿಗೆ ಹೊಟ್ಟೆ ಬಂದಿದೆ ಕಣ್ರೀ," ಎನ್ನುವರು ಮೇಷ್ಟ್ರು.

"ಒಂದಿಂಚೂ ಬಂದಿಲ್ಲ ಸಾರ್. ಬನಿಯನ್ ಹೊಲಿದವನು ನಾನು. ಹತ್ತು ವರ್ಷದಿಂದ ಅದೇ ಬನಿಯನ್ನೇ ಹಾಕ್ತಾನೆ," ಎನ್ನುವರು ಟೈಲರ್.

"ಮತ್ತೆ ಪಕ್ಕದಲ್ಲಿ ಆ ಬೇರೆ ಬಣ್ಣದ ಪಟ್ಟಿ?"

"ಅದು ಫ್ಯಾಷನ್ನು ಸಾರ್."

"ಹೋದ ವರ್ಷ ಎರಡು ಬೆರಳಗಲ ಇದ್ದ ಫ್ಯಾಷನ್ನು ಈ ವರ್ಷ ನಾಲ್ಕು ಬೆರಳಾಗಿದೆಯಲ್ರೀ!"

ಸಲೂನಿನ ಟೀವಿ

ಆಗ ತಾನೇ ಕೇಬಲ್ ಬಂದಿತ್ತು. ಅಮೆರಿಕದ ಪಂದ್ಯಗಳು ಬೆಳಗಿನ ಹೊತ್ತು ಬರುತ್ತಿದ್ದವು. ನನ್ನ ಅಂಗಡಿಯ ಎದುರಿನ ಸಲೂನಿನಲ್ಲಿ ಟೀವಿ ಇದ್ದದ್ದರಿಂದ ಎರಡೂ ಪಾರ್ಟಿಯವರು ಗಡ್ಡ ಇರಲಿ ಬಿಡಲಿ ಅಲ್ಲಿಯೇ ಠಿಕಾಣಿ. ಅಲ್ಲಿನ ಒಬ್ಬ ಮಹಾ ಆಟಗಾರ ಆಟ ಬಿಟ್ಟಿದ್ದವನು ಮತ್ತೆ ವಾಪಸ್ ಬಂದಿದ್ದ. ಟೈಲರ್‌ಗೆ ಅಷ್ಟು ಸಾಕಾಯಿತು.

"ನೋಡಿ ಸಾರ್, ಅಷ್ಟು ದೊಡ್ಡ ಮನುಷ್ಯನೇ ವಾಪಸ್ ಬಂದ. ನಮ್ಮವನು ಯಾಕೆ ಬಿಡಬೇಕು?"

"ಅವನು ಮರ್ಯಾದೆಯಾಗಿ ಬಿಟ್ಟ, ಅದಕ್ಕೆ ವಾಪಸ್ ಬಂದ. ನಿಮ್ಮವನು ಬಿಡೋದೇ ಇಲ್ಲವಲ್ರೀ, ಎಲ್ಲಿಂದ ವಾಪಸ್ ಬರ್ತಾನೆ?"

ಸಲೂನಿನವನು ನಮ್ಮ ಕ್ಯಾಪ್ಟನ್ನಿನ ಕಟ್ಟಾ ಅಭಿಮಾನಿ. ಗಿರಾಕಿಯ ಕೆನ್ನೆ ಬಿಟ್ಟು, ಕತ್ತಿ ಕೈಯಲ್ಲಿ ಹಿಡಿದುಕೊಂಡೇ ವಾದಕ್ಕಿಳಿದ. ವಾಪಸ್ ಬಂದವರು ಮೊದಲಿನ ಹಾಗೆ ಆಡುತ್ತಾರಾ, ಇಲ್ಲವಾ ಎಂದು ಕಾಲು ಗಂಟೆ ಚರ್ಚೆ. ಮೇಷ್ಟ್ರು ಕೊನೆಗೆ ತಣ್ಣಗೆ ಹೇಳಿದರು, "ಚೆನ್ನಾಗಿ ಆಡಿದವನು ಕೆಟ್ಟದಾಗಿ ಆಡೋದನ್ನ ನೋಡೋಕೆ ನನಗೆ ಸಂಕಟ ಆಗತ್ತೆ ಕಣ್ರೀ." ಅವರು ಅದನ್ನು ಅಮೆರಿಕದವನ ಬಗ್ಗೆ ಹೇಳಿದರೋ, ನಮ್ಮವನ ಬಗ್ಗೆಯೋ, ನನಗೆ ಇವತ್ತಿಗೂ ಅನುಮಾನ. 

ಆಗ ಕುರ್ಚಿಯಿಂದ ಒಂದು ಬಡಪಾಯಿ ದನಿ ಬಂತು. ನೊರೆ ಒಣಗಿ ಮುಖ ಬಿಗಿದುಕೊಂಡಿದ್ದ ಗಿರಾಕಿ ಕೇಳುತ್ತಿದ್ದ: "ಅಮೆರಿಕದವರು ವಾಪಸ್ ಬಂದಿದ್ದು ಸಂತೋಷ. ನೀವು ನನ್ನ ಎಡಗೆನ್ನೆಗೆ ಯಾವಾಗ ವಾಪಸ್ ಬರ್ತೀರಾ?"

ಮಾರ್ಚ್ ತಿಂಗಳ ಟೀಮು

ನಮ್ಮ ಲೀಗ್ ಶುರುವಾಗುವುದು ದಸರಾ ಮುಗಿದ ಮೇಲೆ. ಅದು ಎಳೆದೂ ಎಳೆದೂ ಕೊನೆಯ ಪಂದ್ಯಗಳು ಸರಿಯಾಗಿ ಮಾರ್ಚ್ ತಿಂಗಳಿಗೆ ಬೀಳುತ್ತಿದ್ದವು. ಮಾರ್ಚ್ ಎಂದರೆ ಪರೀಕ್ಷೆ. ಓದುವ ಆಟಗಾರರನ್ನೆಲ್ಲ ಅಪ್ಪ ಅಮ್ಮ ಮನೆಯಲ್ಲಿ ಕಟ್ಟಿಹಾಕುವರು. ಎಲ್ಲ ಕ್ಲಬ್ಬಿನದೂ ಇದೇ ಪಾಡು. ಹೀಗಾಗಿ ಕಪ್ ಯಾರಿಗೆ ಎಂದು ತೀರ್ಮಾನವಾಗುವ ಪಂದ್ಯಗಳನ್ನು ಆಡುತ್ತಿದ್ದವರು ಮಕ್ಕಳ ಫೀಸು ಕಟ್ಟುವ ವಯಸ್ಸಿನವರು.

ಒಂದು ವರ್ಷ ನಮ್ಮ ಕಡೆ ಐದೇ ಜನ, ಆ ಕಡೆಯೂ ಐದೇ ಜನ. ಬದಲಿ ಆಟಗಾರರೇ ಇಲ್ಲ. ಮೇಷ್ಟ್ರು ಅಭ್ಯಾಸ ಬಲದಿಂದ "ಕೂರಿಸ್ರೀ" ಎಂದರು. ಟೈಲರ್ ತಿರುಗಿ ಕೇಳಿದರು, "ಕೂರಿಸಿ ಯಾರನ್ನ ಇಳಿಸೋಣ ಸಾರ್? ಇರೋ ಬರೋರನ್ನೆಲ್ಲ ಸ್ಪೆಷಲ್ ಕ್ಲಾಸಲ್ಲಿ ಕೂರಿಸಿರೋರು ನೀವೇ ತಾನೆ?" 

ದ್ವಿತೀಯಾರ್ಧದ ಹೊತ್ತಿಗೆ ದಣಿವಾರಿಸಿಕೊಳ್ಳಲು ಸಿಗುವ ಟೈಂ ಔಟ್ ಎರಡೂ ಕಡೆಗೆ ಖಾಲಿ. ನಮ್ಮ ಕ್ಯಾಪ್ಟನ್ ಶೂ ಲೇಸು ಬಿಚ್ಚಿದೆ ಎಂದು ಕೈ ಎತ್ತಿದ. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ಆ ಕಡೆಯ ಕ್ಯಾಪ್ಟನ್ನೂ ಬಗ್ಗಿದ. ನೋಡುತ್ತ ನೋಡುತ್ತ ಹತ್ತು ಜನವೂ ಬಗ್ಗಿ ಲೇಸು ಕಟ್ಟುವ ನೆಪದಲ್ಲಿ ಏದುಸಿರು ಬಿಡುತ್ತಿದ್ದರು. ಕ್ಯಾಪ್ಟನ್ ಮಾತ್ರ ಎದ್ದೇಳುವಾಗ ಮಂಡಿಯ ಮೇಲೆ ಕೈಯೂರಿ, ಹಲ್ಲು ಕಚ್ಚಿಕೊಂಡು ಎದ್ದ.  ರೆಫರಿಗೂ ಐವತ್ತರ ಹತ್ತಿರ. ಅವರೂ ಮೆಲ್ಲಗೆ ಬಗ್ಗಿ ತಮ್ಮ ಲೇಸಿಗೆ ಕೈ ಹಾಕಿದರು.

ಮೇಷ್ಟ್ರು ತಲೆ ಚಚ್ಚಿಕೊಂಡರು: "ಇದು ಮ್ಯಾಚಲ್ಲ ಕಣ್ರೀ, ಪೆನ್ಷನ್ ಅದಾಲತ್ತು!"

ಇಪ್ಪತ್ತನಾಲ್ಕು ಸೆಕೆಂಡು

ಹೊಸ ಶತಮಾನದ ಜೊತೆ ಹೊಸ ನಿಯಮಗಳೂ ಬಂದವು. ಮೊದಲು ಚೆಂಡು ಸಿಕ್ಕ ಟೀಮು ಮೂವತ್ತು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕಿತ್ತು, ಇಲ್ಲವಾದರೆ ಗಂಟೆ ಬಾರಿಸಿ ಚೆಂಡು ಎದುರಾಳಿಗೆ. ಈಗ ಇಪ್ಪತ್ತನಾಲ್ಕಕ್ಕೆ ಇಳಿಸಿದರು. ನಲವತ್ತು ಮುಟ್ಟಿದ್ದ ಕ್ಯಾಪ್ಟನ್ನಿಗೆ ಆ ಆರು ಸೆಕೆಂಡೇ ಜೀವಾಳವಾಗಿತ್ತು. ಚೆಂಡನ್ನು ನಿಧಾನಕ್ಕೆ ಪುಟಿಸುತ್ತ ಬಂದು, ಉಸಿರು ತೆಗೆದುಕೊಂಡು, ಆಮೇಲೆ ಯೋಚಿಸುವುದು ಅವನ ಪದ್ಧತಿ. ಈಗ ಯೋಚನೆ ಶುರುವಾಗುವ ಮೊದಲೇ ನಾನು ಗಂಟೆ ಬಾರಿಸಬೇಕಾಗುತ್ತಿತ್ತು. ಪ್ರತಿ ಸಲ ಗಂಟೆ ಬಾರಿಸಿದಾಗಲೂ ಅವನು ಮೇಜಿನ ಕಡೆ ನೋಡುವನು. ಕೋಪವೇನಿಲ್ಲ, ಸುಮ್ಮನೆ ನೋಡುವನು. ಆ ನೋಟ ತಡೆಯಲಾರದೆ ನಾನು ಒಂದು ಪಾಪ ಮಾಡಿದೆ. ಅವನ ಕೈಗೆ ಚೆಂಡು ಬಂದಾಗ ನನ್ನ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯನ್ನು ಕೊಂಚ ತಡವಾಗಿ ಒತ್ತತೊಡಗಿತು. ಅವನು ಕೇಳಿರಲಿಲ್ಲ. ಅವನಿಗೆ ಗೊತ್ತೂ ಇರಲಿಲ್ಲ.

ಮೇಷ್ಟ್ರಿಗೆ ಗೊತ್ತಾಯಿತು. ತಮ್ಮ ಕೈಗಡಿಯಾರವನ್ನು ಕಣ್ಣಿಗೆ ಅಂಟಿಸಿಕೊಂಡು ಎಣಿಸುತ್ತಿದ್ದವರು ನೆಟ್ಟಗೆ ಮೇಜಿಗೆ ಬಂದರು.

"ಇಪ್ಪತ್ತೇಳು ಸೆಕೆಂಡಾಯ್ತು ಕಣ್ರೀ! ಗಂಟೆ ಎಲ್ಲಿ?"

ನಾನು ತಡವರಿಸಿ, "ನಿಮ್ಮ ವಾಚು ಫಾಸ್ಟ್ ಇರಬೇಕು ಸಾರ್," ಎಂದೆ.

"ಯಾರಪ್ಪಾ ಅದನ್ನ ರಿಪೇರಿ ಮಾಡಿದ್ದು?"

ಮಾಡಿದ್ದವನು ನಾನೇ. ಹೋದ ಶನಿವಾರ, ಮೂರು ತಿಂಗಳ ಗ್ಯಾರಂಟಿ ಕೊಟ್ಟು.

ಎದುರಾಳಿಗೂ ಅಭಿಮಾನಿ

ಮೇಷ್ಟ್ರು ರಿಟೈರಾಗಿ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ಆದರೂ ಮ್ಯಾಚಿಗೆ ತಪ್ಪದೆ ಬರುವರು. ಮೊದಮೊದಲು ಬಸ್ಸಿನಲ್ಲಿ ಬರುತ್ತಿದ್ದವರನ್ನು ಆಮೇಲೆ ಸೊಸೆ ಸ್ಕೂಟರಿನಲ್ಲಿ ತಂದು, ಕೈ ಹಿಡಿದು ಕೂರಿಸಿ ಹೋಗತೊಡಗಿದಳು. ವಯಸ್ಸಾಯಿತು ಎಂದುಕೊಂಡೆವು.

ಒಂದು ಸಂಜೆ ಎದುರಾಳಿ ಟೀಮಿನವನಿಗೆ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ, ಸಿಕ್ಕಿತು. ಅವನು ಎಸೆದದ್ದು ಬುಟ್ಟಿಯ ಅಂಚಿಗೆ ಬಡಿದು ಆಚೆ ಬಿತ್ತು. ಮೇಷ್ಟ್ರು ಎದ್ದು ನಿಂತು ಕೂಗಿದರು, "ಅಷ್ಟೂ ಹಾಕೋಕಾಗಲ್ವೇ? ಕೂರಿಸ್ರೀ ಏಳನೇ ನಂಬರನ್ನ!"

 ಟೈಲರ್ ನಗಲು ಬಾಯಿ ತೆರೆದವರು ಮೇಷ್ಟ್ರ ಮುಖ ನೋಡಿ ಹಾಗೇ ಮುಚ್ಚಿದರು. ಅವರ ಕಣ್ಣುಗಳು ಅಂಕಣದ ಕಡೆಗೇ ಇರಲಿಲ್ಲ, ಎಲ್ಲೋ ಲೈಟು ಕಂಬದ ಕಡೆ ಇದ್ದವು. ಸಕ್ಕರೆ ಕಾಯಿಲೆ ಅವರ ದೃಷ್ಟಿಯನ್ನು ತಿಂದುಹಾಕಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಟೈಲರ್ ಸಾಹೇಬರ ಕಣ್ಣಲ್ಲಿ ನೀರು ತುಂಬಿತು. ಆದರೆ ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದರು. ವಾದ ಮಾಡದಿದ್ದರೆ ಅನುಮಾನ ಬರುತ್ತದಲ್ಲ! ಟೈಲರ್ ಎದುರಾಳಿಯ ಪರವಾಗಿ ಶುರು ಮಾಡಿದರು:

"ಯಾಕೆ ಕೂರಿಸಬೇಕು ಸಾರ್? ಒಂದು ತಪ್ಪಿದ್ರೆ ಏನಾಯ್ತು? ಚಿನ್ನದಂಥ ಆಟಗಾರ ಅವನು! ಅವನನ್ನ ಏನಾದ್ರೂ ಅಂದ್ರೆ ನಾನು ಸುಮ್ನಿರಲ್ಲ!"

ಮ್ಯಾಚು ಮುಗಿದ ಮೇಲೆ ಆ ಎದುರಾಳಿ ಹುಡುಕಿಕೊಂಡು ಬಂದು ಟೈಲರ್ ಕೈ ಕುಲುಕಿದ. "ನಮ್ಮ ಕ್ಲಬ್ಬಲ್ಲೇ ನನಗೆ ಇಷ್ಟು ಸಪೋರ್ಟ್ ಇಲ್ಲ ಸಾರ್. ಮುಂದಿನ ವರ್ಷ ನಿಮ್ಮ ಕಡೆಗೇ ಬಂದುಬಿಡ್ಲಾ?"

ಕೊನೆಯ ಮ್ಯಾಚು

ಈ ಸಂಗತಿ ಕ್ಯಾಪ್ಟನ್ನಿಗೆ ನಾನೇ ಹೇಳಬೇಕಾಯಿತು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ.  ಆಮೇಲೆ, "ಹಂಗಾದ್ರೆ ಇನ್ನು ನಾನು ಎಷ್ಟು ಚೆನ್ನಾಗಾಡಿದ್ರೂ ಅವರಿಗೆ ಕಾಣಕ್ಕಿಲ್ಲ, ಅಲ್ವಾ ಸಾ?" ಎಂದ. 

ಆ ವರ್ಷದ ಕೊನೆಯ ಪಂದ್ಯಕ್ಕೆ ಅವನ ಮಂಡಿಯಲ್ಲಿ ನೀರು ತುಂಬಿ ಊದಿಕೊಂಡಿತ್ತು. ಡಾಕ್ಟರು ಇನ್ನು ಜನ್ಮದಲ್ಲಿ ಓಡಕೂಡದು ಎಂದುಬಿಟ್ಟಿದ್ದರು. ತನ್ನ ಫ್ಯಾಕ್ಟರಿಯಿಂದಲೇ ಕರೆತಂದು ತಾನೇ ಆಟ ಕಲಿಸಿದ್ದ ಒಬ್ಬ ತರುಣನಿಗೆ ಏಳನೇ ನಂಬರಿನ ಬನಿಯನ್ ಕೊಟ್ಟ. ಟೈಲರ್ ಪಕ್ಕದ ಪಟ್ಟಿ ಬಿಚ್ಚಿ ಬನಿಯನ್ ಮೊದಲಿನ ಅಳತೆಗೆ ತಂದರು. ಬಿಚ್ಚುವಾಗ ಅತ್ತರಂತೆ.

ಕ್ಯಾಪ್ಟನ್ ಖಾಕಿ ಬಟ್ಟೆಯಲ್ಲೇ ಕುಂಟುತ್ತ ಬಂದ. ಗ್ಯಾಲರಿಯಲ್ಲಿ ಜಾಗ ಉಳಿದಿದ್ದದ್ದು ಒಂದೇ ಕಡೆ, ನನ್ನ ಮೇಜಿನ ಹಿಂದೆ, ಮೇಷ್ಟ್ರ ಪಕ್ಕದಲ್ಲಿ. ಅಲ್ಲಿಯೇ ಕೂತ. ಆಟ ಶುರುವಾಗಿ ಎರಡು ನಿಮಿಷವಾಗಿಲ್ಲ, ಮೇಷ್ಟ್ರು ಕೂಗಿದರು, "ಕೂರಿಸ್ರೀ ಏಳನೇ ನಂಬರನ್ನ!" ಆಡುತ್ತಿರುವ ಏಳನೇ ನಂಬರು ಬೇರೆಯವನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕ್ಯಾಪ್ಟನ್ ತಲೆ ತಗ್ಗಿಸಿದ.

ಕೊನೆಯ ನಿಮಿಷ. ನಾವು ಒಂದು ಪಾಯಿಂಟ್ ಹಿಂದೆ. ಆ ತರುಣ ಇಬ್ಬರನ್ನು ತಪ್ಪಿಸಿಕೊಂಡು ದೂರದಿಂದ ಎಸೆದ ಚೆಂಡು ರಿಂಗಿಗೆ ತಾಗದೆ ಬಲೆಯಲ್ಲಿ ಸುಯ್ಯೆಂದು ಇಳಿಯಿತು. ಜನ ಎದ್ದು ಕುಣಿದರು. ಮೇಷ್ಟ್ರಿಗೆ ಆ ಸದ್ದು ಗೊತ್ತು. ಪಕ್ಕದವನ ತೋಳು ಹಿಡಿದರು.

"ಲೈಟು ಕಣ್ಣಿಗೆ ಹೊಡೀತಿದೆ ಕಣ್ರೀ. ಯಾರದು ಹಾಕಿದ್ದು? ಏಳನೇ ನಂಬರಾ?"

"ಹೂಂ ಸಾ. ಏಳೇ," ಎಂದ ಕ್ಯಾಪ್ಟನ್. ಸುಳ್ಳೇನೂ ಅಲ್ಲ.

ಮೇಷ್ಟ್ರು ಎದ್ದು ನಿಂತರು. ಎರಡೂ ಕೈ ಮೇಲೆತ್ತಿ, ಲೈಟು ಕಂಬದ ಕಡೆ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಕೂಗಿದರು: "ಶಹಬ್ಬಾಸ್ ಕ್ಯಾಪ್ಟನ್! ಚೆನ್ನಾಗಿ ಆಡ್ದೆ ಕಣೋ! ಚೆನ್ನಾಗಿ ಆಡ್ದೆ!"

ನಾನು ಹಿಂತಿರುಗಿ ನೋಡಿದೆ. ಅಷ್ಟು ವರ್ಷ ಕಾದಿದ್ದ ಮಾತು ತಲೆಯ ಮೇಲಿಂದ ಹಾದು ಇನ್ಯಾರಿಗೋ ಹೋಗುತ್ತಿದ್ದರೆ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ನನಗೂ ಅಳು ತಡೆಯಲಾಗಲಿಲ್ಲ.

ಮೇಷ್ಟ್ರು ಕೂತು, ಪಕ್ಕಕ್ಕೆ ಬಾಗಿ ಗುಟ್ಟು ಹೇಳುವಂತೆ ಹೇಳಿದರು, "ನಾನು ಬೈದಿದ್ದು ಅವನು ಚೆನ್ನಾಗಿ ಆಡಲಿ ಅಂತ ಕಣ್ರೀ. ಇನ್ನೂ ಐದು ವರ್ಷ ಆಡ್ತಾನೆ, ನೋಡ್ತಿರಿ."

ಕ್ಯಾಪ್ಟನ್ ಮುಖ ಒರೆಸಿಕೊಂಡು, "ಇಲ್ಲ ಸಾ," ಎಂದ. "ಅವನ ಮಂಡಿ ಹೋಗ್ಬುಟ್ಟದೆ. ವಯಸ್ಸೂ ಆಯ್ತು. ಅವನು ಕೂತ್ಕೊಂಡ್ರೇ ವಾಸಿ."

ಮೇಷ್ಟ್ರಿಗೆ ಎಲ್ಲಿತ್ತೋ ಸಿಟ್ಟು! ಹಿಡಿದಿದ್ದ ತೋಳನ್ನು ಆಚೆ ತಳ್ಳಿದರು.

"ನಿಮಗೇನ್ರೀ ಗೊತ್ತು ಬ್ಯಾಸ್ಕೆಟ್‌ಬಾಲು? ಜನ್ಮದಲ್ಲಿ ಒಂದು ಸಲವಾದ್ರೂ ಚೆಂಡು ಮುಟ್ಟಿದ್ದೀರಾ?"

"ಇಲ್ಲ ಸಾ," ಎಂದ ಕ್ಯಾಪ್ಟನ್.

"ಮತ್ತೆ? ಬಾಯಿ ಮುಚ್ಕೊಂಡು ಕೂತ್ಕೊಂಡು, ಅವನ ಆಟ ನೋಡಿ ಕಲೀರಿ!"